ತೊಂಬತ್ತರ ಮೇಲೆ ನಾಲ್ಕು

ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಮೋಟಾರು ಪಂಚಮದಲ್ಲಿ ಕೂಗುತ್ತದೆ. ಶುದ್ಧ ಪಂಚಮ ಎಂದರೆ ಸುಳ್ಳಾದೀತು. ಒಂದೆಳೆ ಇಳಿದ, ನೆಗಡಿ ಹಿಡಿದ ಪಂಚಮ. ಬೆಳಿಗ್ಗೆ ಆರೂವರೆಗೆ ವಾಚ್‌ಮನ್ ಗುಂಡಿ ಒತ್ತಿದನೆಂದರೆ ನಾನು ಪಿಟೀಲಿನ ಪೆಟ್ಟಿಗೆ ತೆರೆಯುತ್ತೇನೆ. ಆ ಮೋಟಾರಿನ ಜೊತೆ ಶ್ರುತಿ ಕೂಡಿಸಲು ಹೋಗಿ ಸೋಲುವುದು ಹಲ್ಲುಜ್ಜಿದಷ್ಟೇ ಸಹಜವಾದ ದಿನಚರಿಯಾಗಿ ಎಷ್ಟೋ ವರ್ಷವಾಯಿತು.

ಊರು ಹೈದರಾಬಾದು, ಬಡಾವಣೆ ನಾಚಾರಂ. ಕನ್ನಡದ ಕಿವಿಗೆ ಈ ಹೆಸರಿನಲ್ಲಿ ಮೊದಲು ಕೇಳುವುದು ನಾಚಿಕೆ. ಉರ್ದು ಬಲ್ಲ ಗೆಳೆಯನೊಬ್ಬ ‘ನಾಚಾರ್ ಅಂದ್ರೆ ನಿರುಪಾಯ, ಬೇರೆ ದಾರಿಯಿಲ್ಲದವ’ ಎಂದು ಹೇಳಿದ ಮೇಲೆ ವಿಳಾಸ ಬರೆಯುವಾಗಲೆಲ್ಲ ನಗು ಬರುತ್ತದೆ. ನಮ್ಮದು ಕೈಗಾರಿಕಾ ಪ್ರದೇಶ. ಒಂದು ಕಡೆ ಷೆಡ್ಡುಗಳು, ಲೇತುಗಳು, ಔಷಧದ ವಾಸನೆ; ಇನ್ನೊಂದು ಕಡೆ ಎನ್.ಟಿ. ರಾಮರಾಯರ ರಾಮಕೃಷ್ಣ ಸ್ಟುಡಿಯೋ; ಟೆರೇಸು ಹತ್ತಿದರೆ ದೂರದಲ್ಲಿ ಮೌಲಾಲಿ ಗುಡ್ಡ. ನಾನಿರುವುದು ಎಚ್‌ಎಂಟಿ ನಗರದಲ್ಲಿ. ಬೆಂಗಳೂರಿನಲ್ಲಿ 1961ರಲ್ಲಿ ಕೈಗಡಿಯಾರ ಮಾಡಲು ತೊಡಗಿದ ಕಂಪನಿಯ ಹೆಸರು ಹೊತ್ತ ಬಡಾವಣೆಯಲ್ಲಿ ಕೂತುಕೊಂಡೂ ನನ್ನ ತಾಳ ಓಡುತ್ತದೆ ಎಂಬುದು ನಮ್ಮ ಮೇಷ್ಟ್ರ ನಿತ್ಯದ ಕೊಂಕು.

ಮೇಷ್ಟ್ರೆಂದರೆ ನಮ್ಮ ಮೊದಲ ಪಿಟೀಲು. ಕೃಷ್ಣಾ ತೀರದ ತೆಲುಗರು, ನಿವೃತ್ತ ಸಂಗೀತ ಶಿಕ್ಷಕರು. ಎರಡನೆಯ ಪಿಟೀಲು ನಾನು, ನಿವೃತ್ತ ಬ್ಯಾಂಕ್ ಗುಮಾಸ್ತ, ಮೈಸೂರಿನವನು. ವಿಯೋಲಾ ನುಡಿಸುವವನು ಸಿನಿಮಾ ಧ್ವನಿಮುದ್ರಣಗಳಲ್ಲಿ ತಂತಿವಾದ್ಯದ ಸಾಲಿನಲ್ಲಿ ಕೂತು ಬದುಕು ಕಟ್ಟಿಕೊಂಡವನು; ನಾಯಕಿ ಅತ್ತಾಗಲೆಲ್ಲ ಅವನ ಮನೆಯಲ್ಲಿ ಒಲೆ ಉರಿದಿದೆ. ನಾಲ್ಕನೆಯವಳು ಗೋವಾ ಕಡೆಯ ಹುಡುಗಿ, ಸಾಫ್ಟ್‌ವೇರಿನವಳು. ಹಬ್ಸಿಗುಡದ ಬಾಡಿಗೆ ಮನೆಯಿಂದ ತನಗಿಂತ ದಪ್ಪನೆಯ ಚೆಲ್ಲೊ ಪೆಟ್ಟಿಗೆಯನ್ನು ಆಟೋದಲ್ಲಿ ಮಗುವಿನಂತೆ ತಬ್ಬಿಕೊಂಡು ಬರುತ್ತಾಳೆ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ: ಪಾಶ್ಚಾತ್ಯರ ಲೆಕ್ಕದಲ್ಲಿ ಪೂರಾ ತಂತಿ ಚತುಷ್ಟಯ. ನಾವು ನುಡಿಸಿದ್ದು ಮಾತ್ರ ಮೈಸೂರು ಮಹಾರಾಜರನ್ನು.

ಹುಳ ಬಿಟ್ಟವಳು ಆ ಹುಡುಗಿಯೇ. 2017ರಲ್ಲಿ ಒಂದು ಭಾನುವಾರ ಕಾಫಿ ಕುಡಿಯುತ್ತ ಬಾರ್ಟೋಕನ ಕಥೆ ತೆಗೆದಳು. ಹಂಗೇರಿಯ ಬೇಲಾ ಬಾರ್ಟೋಕ್ ಬರೆದ ತಂತಿ ಚತುಷ್ಟಯಗಳು ಒಟ್ಟು ಆರು. ಮೊದಲನೆಯದು ಮುಗಿದದ್ದು 1909ರಲ್ಲಿ, ಆರನೆಯದು 1939ರಲ್ಲಿ. ಮೂವತ್ತು ವರ್ಷದ ಬದುಕು ಆರು ಕೃತಿಗಳಲ್ಲಿ ಗುಡ್ಡೆಯಾಗಿದೆ. ಅವನ್ನು ಒಂದೆರಡು ಸಂಜೆಗಳಲ್ಲಿ ಆರಕ್ಕೆ ಆರನ್ನೂ ನುಡಿಸುವುದು ಆ ಲೋಕದ ವಾದ್ಯಗಾರರಿಗೆ ಒಂದು ಹರಕೆಯಂತೆ. ನಾಲ್ಕನೆಯದರಲ್ಲಿ ಒಂದು ಭಾಗವಿಡೀ ಕಮಾನನ್ನು ಬದಿಗಿಟ್ಟು ಬೆರಳಿನಿಂದ ಮೀಟುವುದೇ. ಕೆಲವು ಕಡೆ ತಂತಿಯನ್ನು ಎಷ್ಟು ಮೇಲೆತ್ತಿ ಬಿಡಬೇಕೆಂದರೆ ಅದು ಹಲಗೆಗೆ ಬಡಿದು ಚಟಾರೆನ್ನಬೇಕು. ಅವಳು ಚೆಲ್ಲೊದಲ್ಲಿ ತೋರಿಸಿದಳು. ಅಡುಗೆಮನೆಯಿಂದ ಹೆಂಡತಿ ‘ಏನು ಮುರೀತು?’ ಎಂದು ಕೇಳಿದಳು.

‘ನಿಮ್ಮಲ್ಲಿ ಹೀಗೆ ಒಬ್ಬರದನ್ನೇ ಪೂರ್ತಿ ನುಡಿಸೋದಿಲ್ವಾ?’ ಎಂಬುದು ಅವಳ ಪ್ರಶ್ನೆ.

ಇಲ್ಲವೆನ್ನಲು ಮನಸ್ಸು ಬರಲಿಲ್ಲ. ನನ್ನ ಅಜ್ಜನ ಮನೆಯ ಜಗುಲಿಯಲ್ಲಿ ಕುಮಾರವ್ಯಾಸ ಭಾರತದ ವಾಚನವೆಂದರೆ ಆದಿಪರ್ವದಿಂದ ಗದಾಪರ್ವದವರೆಗೆ. ದ್ರೌಪದಿಯ ವಸ್ತ್ರಾಪಹರಣವಷ್ಟೇ ಓದಿ ಎದ್ದುಹೋಗುವ ಪದ್ಧತಿ ಇರಲಿಲ್ಲ. ಭಾಗವತಕ್ಕೆ ಸಪ್ತಾಹವಿದೆ. ಸಂಗೀತದಲ್ಲೂ ತ್ಯಾಗರಾಜರ ಐದು ಪಂಚರತ್ನಗಳಿವೆ, ದೀಕ್ಷಿತರ ಕಮಲಾಂಬಾ ನವಾವರಣವಿದೆ. ಕೋಟೀಶ್ವರ ಅಯ್ಯರ್ ಎಪ್ಪತ್ತೆರಡು ಮೇಳಗಳಿಗೂ ತಮಿಳಿನಲ್ಲಿ ಒಂದೊಂದು ಕೃತಿ ಕಟ್ಟಿಟ್ಟರು, ಬಾಲಮುರಳಿಯವರೂ ಎಪ್ಪತ್ತೆರಡನ್ನು ಮುಗಿಸಿದರು. ಆದರೆ ನಮ್ಮ ಕಛೇರಿಯ ಸ್ವಭಾವ ಊಟದ ಎಲೆಯದು. ಒಂದು ಸೌಟು ಇದು, ಒಂದು ಚಮಚ ಅದು, ಕೊನೆಗೆ ಮಜ್ಜಿಗೆಯಂತೆ ಒಂದು ತಿಲ್ಲಾನ. ಒಬ್ಬನೇ ವಾಗ್ಗೇಯಕಾರನನ್ನು ಎಲೆ ತುಂಬ ಬಡಿಸಿದರೆ ಕೇಳುಗ ಎದ್ದು ಕೈ ತೊಳೆದುಬಿಡುತ್ತಾನೆ.

ಹಾಗಿದ್ದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನನ್ನ ಕಪಾಟಿನಲ್ಲಿ ‘ಶ್ರೀವಿದ್ಯಾ ಗಾನವಾರಿಧಿ’ ಇತ್ತು. ಜಯಚಾಮರಾಜ ಒಡೆಯರ ತೊಂಬತ್ತನಾಲ್ಕು ಕೃತಿಗಳನ್ನು ಸ್ವರಸಹಿತ ಒಟ್ಟುಮಾಡಿ 2010ರಲ್ಲಿ ಅವರ ಅಳಿಯ ಆರ್. ರಾಜಚಂದ್ರ ಪ್ರಕಟಿಸಿದ್ದು, ಸಂಪಾದಿಸಿದವರು ವಾಸುದೇವಾಚಾರ್ಯರ ಮೊಮ್ಮಗ ಎಸ್. ಕೃಷ್ಣಮೂರ್ತಿ. ಊರಿನವರ ಪುಸ್ತಕವೆಂಬ ಅಭಿಮಾನಕ್ಕೆ ಕೊಂಡಿದ್ದೆ. ಬಿಚ್ಚಿ ನೋಡಿದರೆ ನಾಲ್ಕು ಕಡೆ ಪುಟದ ಅಂಚು ಕಪ್ಪಾಗಿತ್ತು: ಗಂಭೀರನಾಟ, ಮಾಯಾಮಾಳವಗೌಳ, ನಾದನಾಮಕ್ರಿಯ, ಹಿಂದೋಳ. ಅಠಾಣದ ಗಣಪತಿಯನ್ನೂ ಸೇರಿಸಿದರೆ ಐದು. ಉಳಿದ ಎಂಬತ್ತೊಂಬತ್ತು ಹೊಸ ಸೀರೆಯ ಮಡಿಕೆಯಂತೆ ಗರಿಗರಿಯಾಗಿದ್ದವು. ನನ್ನ ಕಪಾಟಿನದಷ್ಟೇ ಅಲ್ಲ, ಊರ ಸಭೆಗಳಲ್ಲಿ ನಾನು ಕೇಳಿದ್ದೂ ಬಹುತೇಕ ಅವೇ ಐದಾರು.

ಇದು ಎಂಥ ವಿಪರೀತವೆನ್ನುವುದಕ್ಕೆ ಮಹಾರಾಜರ ಬದುಕಿನ ಇನ್ನೊಂದು ಮಗ್ಗುಲನ್ನು ನೆನೆಯಬೇಕು. ಹುಟ್ಟಿದ್ದು 1919ರ ಜುಲೈ 18. ಬೆಳೆದದ್ದು ಪಿಯಾನೋದ ಮುಂದೆ. ವಾದಕನಾಗಬೇಕೆಂಬ ಆಸೆಯೂ ಇತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜರು ಹೋದರು, ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದರ ಹುಡುಗ ಸಿಂಹಾಸನದ ಮೇಲೆ ಕೂತ. ಪಿಯಾನೋ ಅರಮನೆಯಲ್ಲೇ ಉಳಿಯಿತು, ಕಛೇರಿ ಉಳಿಯಲಿಲ್ಲ. ಆದರೂ 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಫೆಲೋ ಆದರು. ತನ್ನ ಕೈಯಿಂದ ಆಗದ್ದನ್ನು ಬೇರೆಯವರ ಕೈಯಿಂದ ಮಾಡಿಸುವ ಛಲ ಹುಟ್ಟಿತೋ ಏನೋ, ಲಂಡನ್ನಿನಲ್ಲಿ ಮುಪ್ಪು ಕಳೆಯುತ್ತಿದ್ದ ರಷ್ಯದ ನಿಕೊಲಾಯ್ ಮೆಡ್ಟ್ನರ್ ಎಂಬ ವಾಗ್ಗೇಯಕಾರನ ಸಮಸ್ತ ಸಂಗೀತವನ್ನೂ ಅವನಿಂದಲೇ ನುಡಿಸಿ ಮುದ್ರಿಸಬೇಕೆಂದು ಮೆಡ್ಟ್ನರ್ ಸೊಸೈಟಿ ಸ್ಥಾಪಿಸಿದರು. ಕೃತಜ್ಞತೆಗೆ ಆತ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅದೇ ಕಾಲಕ್ಕೆ ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದಕ್ಕೆ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷದ ನೆರವಿನ ಮಾತು ಕೊಟ್ಟರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ. ಹಾಡಿದಾಕೆ ಫ್ಲಾಗ್‌ಸ್ಟಾಡ್, ನಡೆಸಿದವನು ಫುರ್ಟ್‌ವೆಂಗ್ಲರ್. ಆ ಸಂಜೆಗೆ 4,800 ಡಾಲರಿನ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ತಾವು ಹೋಗಲಾಗಲಿಲ್ಲ, ಧ್ವನಿಮುದ್ರಣ ಮೈಸೂರಿಗೆ ಬರಲಿ ಎಂಬುದಷ್ಟೇ ಷರತ್ತು.

ಅಂದರೆ ‘ಪೂರ್ತಿ’ ಎಂಬ ಹುಚ್ಚಿಗೆ ದುಡ್ಡು ಸುರಿದ ಮನುಷ್ಯ. ಅವರದ್ದನ್ನು ನಾವು ಐದಕ್ಕೆ ನಿಲ್ಲಿಸಿಬಿಟ್ಟಿದ್ದೆವು.

ಮೇಷ್ಟ್ರಿಗೆ ಹೇಳಿದಾಗ ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದರು. ‘ತೊಂಬತ್ತನಾಲ್ಕು. ವಾರಕ್ಕೊಂದು. ವರ್ಷಕ್ಕೆ ಐವತ್ತೆರಡು. ಎರಡು ವರ್ಷ. 2019ಕ್ಕೆ ಅವರಿಗೆ ನೂರು.’ ಆಮೇಲೆ ಮತ್ತೆ ಜಗಿಯತೊಡಗಿದರು. ಒಪ್ಪಿದರು ಅಂತ ಅರ್ಥ.

ತೊಡಕು ಶುರುವಾದದ್ದು ಲಿಪಿಯಿಂದ. ನಾಲ್ವರಿಗೆ ಒಂದು ಕಾಗದ ಸಾಲದು. ನನಗೆ ಕನ್ನಡದ ಸರಿಗಮ, ಮೇಷ್ಟ್ರಿಗೆ ತೆಲುಗಿನದು. ಇವೆರಡೂ ಅಕ್ಕತಂಗಿ ಲಿಪಿಗಳೇ. ಬಹುಮಟ್ಟಿಗೆ ತಲೆಕಟ್ಟಿನಲ್ಲಿ ಬೇರೆ. ಆದರೂ ಅವಸರದಲ್ಲಿ ಮೇಷ್ಟ್ರು ನನ್ನ ಹಾಳೆ ನೋಡಿ ನುಡಿಸಿದರೆ ಎಲ್ಲೋ ಒಂದು ಕಡೆ ಎಡವುತ್ತಿದ್ದರು, ಎಡವಿದ ಮೇಲೆ ಅಕ್ಷರವನ್ನು ಬೈಯುತ್ತಿದ್ದರು. ವಿಯೋಲಾದವನಿಗೆ ಎರಡೂ ಗೊತ್ತು, ಪಾಶ್ಚಾತ್ಯರ ಐದು ಗೆರೆಯೂ ಗೊತ್ತು. ಹುಡುಗಿಗೆ ಐದು ಗೆರೆ ಬಿಟ್ಟರೆ ಬೇರೆ ಲೋಕವಿಲ್ಲ. ಹಾಗಾಗಿ ಪ್ರತಿ ಕೃತಿಯೂ ನನ್ನ ಮೇಜಿನಿಂದ ಹೊರಟು ಮೇಷ್ಟ್ರ ನೋಟ್‌ಬುಕ್ಕು ದಾಟಿ ವಿಯೋಲಾದವನ ಕೈಯಲ್ಲಿ ಗೆರೆಗಳಿಗೆ ಏರಿ ಅವಳನ್ನು ತಲುಪಬೇಕು. ದಾರಿಯಲ್ಲಿ ಸ್ವರ ಕಳೆಯುತ್ತಿರಲಿಲ್ಲ, ಗಮಕ ಕಳೆಯುತ್ತಿತ್ತು. ಗಾಂಧಾರವನ್ನು ಗೆರೆಯ ಮೇಲೆ ಚುಕ್ಕಿ ಇಟ್ಟು ತೋರಿಸಬಹುದು. ಅದು ಅಠಾಣದಲ್ಲಿ ಹೇಗೆ ನಿಲ್ಲುತ್ತದೆ, ಹಿಂದೋಳದಲ್ಲಿ ಹೇಗೆ ತೂಗುತ್ತದೆ ಎಂಬುದನ್ನು ಯಾವ ಚುಕ್ಕಿಯೂ ಹೇಳುವುದಿಲ್ಲ. ಅವಳು ಸ್ವರಗಳ ಮೇಲೆ ಪೆನ್ಸಿಲಿನಿಂದ ಹಾವು ಬರೆದುಕೊಳ್ಳತೊಡಗಿದಳು. ಸಣ್ಣ ಹಾವು ಎಂದರೆ ಕಂಪನ, ಉದ್ದ ಹಾವು ಎಂದರೆ ಜಾರು, ಸುರುಳಿ ಸುತ್ತಿದ್ದರೆ ‘ಮೇಷ್ಟ್ರನ್ನು ಕೇಳು’. ಎರಡು ವರ್ಷದ ಕೊನೆಗೆ ಅವಳ ಕಡತ ಒಂದು ನಾಗರಪಂಚಮಿಯಾಗಿತ್ತು.

ಕೂರುವುದರಲ್ಲೂ ಎರಡು ಮತ. ಮೇಷ್ಟ್ರು, ನಾನು ಜಮಖಾನದ ಮೇಲೆ ಚಕ್ಕಂಬಟ್ಟಲು ಹಾಕಿ ಪಿಟೀಲಿನ ತಲೆಯನ್ನು ಬಲಪಾದದ ಗಿಣ್ಣಿಗೆ ಆನಿಸುವವರು, ಅವರಿಬ್ಬರು ಕುರ್ಚಿಯವರು. ಚೆಲ್ಲೊ ಮೇಲಿನಿಂದ ಗುಮ್ಮೆಂದಾಗ ನನ್ನ ನೆತ್ತಿಯಲ್ಲಿ ಕೇಳುತ್ತಿತ್ತು.

ಮೊದಲ ತಿಂಗಳು ದೊಡ್ಡ ಜಗಳ ಆದದ್ದು ಹಾರ್ಮನಿಯ ಬಗ್ಗೆ. ನಾಲ್ಕು ವಾದ್ಯವಿದೆ, ನಾಲ್ಕೂ ಒಂದೇ ಸ್ವರ ನುಡಿಸಿದರೆ ಚತುಷ್ಟಯವೆಂದೇಕೆ ಅನ್ನಬೇಕು ಎಂದು ವಿಯೋಲಾದವನು ವಾದಿಸಿದ. ಅದೂ ಈ ಕೃತಿಗಳನ್ನು ಕಟ್ಟಿದವರು ಪಾಶ್ಚಾತ್ಯ ಸಂಗೀತವನ್ನು ಅರೆದು ಕುಡಿದವರು. ಸರಿಯೆಂದು ಮಾಯಾಮಾಳವಗೌಳಕ್ಕೆ ಅವನೇ ಒಂದಿಷ್ಟು ಸ್ವರಗುಚ್ಛ ಹೊಂದಿಸಿ ತಂದ. ನುಡಿಸಿದೆವು. ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣು ದಿಢೀರನೆ ದೆವ್ವದ ಸಿನಿಮಾದ ಬಂಗಲೆಯೊಳಗೆ ಎದ್ದು ಕೂತ ಹಾಗಾಯಿತು. ಶುದ್ಧ ರಿಷಭ ಒಂಟಿಯಾಗಿ ಇದ್ದಾಗ ಮಾಡುವ ಕೆಲಸವೇ ಬೇರೆ, ಗುಂಪಿನಲ್ಲಿ ಸಿಕ್ಕಿಕೊಂಡಾಗ ಅದು ಪಡುವ ಪಾಡೇ ಬೇರೆ. ಮೇಷ್ಟ್ರು ಕಮಾನು ಕೆಳಗಿಟ್ಟು, ‘ರಾಜಾವಾರಿಕಿ ತೆಲಿಸಿ ಕೂಡಾ ವದ್ದನುಕುನ್ನಾರು, ಮನಕೆಂದುಕಂಡಿ?’ ಎಂದರು. ರಾಜರಿಗೇ ಗೊತ್ತಿದ್ದೂ ಬೇಡವೆಂದುಕೊಂಡರು, ನಮಗ್ಯಾಕೆ?

ಆ ಮಾತಿನಲ್ಲಿ ತೂಕವಿದೆ. ಪಿಯಾನೋ ಮೇಲಿನ ಹತ್ತು ಬೆರಳಿನ ವಿದ್ಯೆ ಗೊತ್ತಿದ್ದ ಆ ಮನುಷ್ಯ 1940ರ ದಶಕದ ನಡುವೆ ಕೆಲವೇ ವರ್ಷಗಳಲ್ಲಿ ತೊಂಬತ್ತನಾಲ್ಕು ಕೃತಿ ಕಟ್ಟುವಾಗ ಆ ವಿದ್ಯೆಯ ಒಂದು ಎಳೆಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ವಾಸುದೇವಾಚಾರ್ಯರ ಮಾರ್ಗದರ್ಶನ, ವೀಣೆ ವೆಂಕಟಗಿರಿಯಪ್ಪನವರ ಪಾಠ, ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯೆಯ ದೀಕ್ಷೆ. ಸಂಸ್ಕೃತ ಸಾಹಿತ್ಯ, ದೀಕ್ಷಿತರ ಜಾಡು, ಹೆಸರೇ ಕೇಳಿರದ ರಾಗಗಳು. ಹಗಲು ಮೆಡ್ಟ್ನರ್, ಸಂಜೆ ಲಲಿತೆ. ಎರಡು ಮನೆ ಇಟ್ಟವರು ಎರಡಕ್ಕೂ ಒಂದೇ ಬೀಗದ ಕೈ ಇಡುವುದಿಲ್ಲವಲ್ಲ. ಬೆರೆಸುವುದೇ ಆಧುನಿಕತೆ ಎಂದುಕೊಂಡ ನಮ್ಮ ಕಾಲದವರಿಗೆ ಇದು ಹಳಬರ ಮಡಿಯಂತೆ ಕಾಣಬಹುದು. ನನಗೇನೋ ಬೆರೆಸದೆ ಉಳಿಸುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕೆನ್ನಿಸುತ್ತದೆ.

ಕೊನೆಗೆ ಒಂದು ಪದ್ಧತಿಗೆ ಬಂದೆವು. ಪಲ್ಲವಿ ಮೇಷ್ಟ್ರದು, ಕೆಳಸ್ಥಾಯಿಯಲ್ಲಿ ನಾನು ನೆರಳು. ಅನುಪಲ್ಲವಿ ವಿಯೋಲಾಕ್ಕೆ, ಅದರ ಒಡಕು ದನಿ, ಗಂಟಲು ಕಟ್ಟಿದ ಹೆಂಗಸು ಹಾಡಿದಂತೆ, ದೇವಿಯ ವರ್ಣನೆಗೆ ವಿಚಿತ್ರವಾಗಿ ಒಗ್ಗುತ್ತಿತ್ತು. ಚೆಲ್ಲೊ ಷಡ್ಜ ಪಂಚಮ ಹಿಡಿದು ನಿಂತು ಬೆರಳಿನಿಂದ ತಾಳ ಮೀಟುವುದು. ಮೃದಂಗವಿಲ್ಲ. ಸಮದಲ್ಲಿ ಒಮ್ಮೊಮ್ಮೆ ಅವಳು ಬಾರ್ಟೋಕನ ಚಟಾರ್ ಹೊಡೆಯುತ್ತಿದ್ದಳು. ಮೇಷ್ಟ್ರು ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಅದಿಲ್ಲದಿದ್ದರೆ ತಾಳ ಹಾಕುವ ತೊಡೆಯನ್ನು ನಿಲ್ಲಿಸಿ ಅವಳ ಕಡೆ ನೋಡುವಂತಾದರು. ಕೊನೆಯ ಮಧ್ಯಮಕಾಲದ ಸಾಹಿತ್ಯಕ್ಕೆ ನಾಲ್ವರೂ ಒಟ್ಟಿಗೆ ನುಗ್ಗುವುದು.

ಸಾಹಿತ್ಯವೆಂದೆ. ನಮ್ಮಲ್ಲಿ ಯಾರೂ ಹಾಡುತ್ತಿರಲಿಲ್ಲ. ಆದರೆ ಕರ್ನಾಟಕ ಸಂಗೀತದ ಪಿಟೀಲಿಗೆ ಮಾತು ಗೊತ್ತಿರಬೇಕು. ಅಕ್ಷರ ಎಲ್ಲಿ ಒಡೆಯುತ್ತದೋ ಅಲ್ಲಿ ಕಮಾನು ತಿರುಗುತ್ತದೆ. ಸಮಾಸ ಎಷ್ಟು ಉದ್ದವೋ ಕಮಾನು ಅಷ್ಟು ಉದ್ದ. ಸಂಸ್ಕೃತದ ಏಳೆಂಟು ಪದ ಕೊಂಡಿ ಹಾಕಿಕೊಂಡು ಬಂದರೆ ಕಮಾನಿನ ಹಿಡಿಯ ಹತ್ತಿರ ಹೊರಟ ಕೂದಲು ತುದಿ ಮುಟ್ಟುವವರೆಗೆ ಉಸಿರು ಬಿಗಿಹಿಡಿಯಬೇಕು. ಹಾಗೆ ನುಡಿಸುತ್ತ ನುಡಿಸುತ್ತ ತುಟಿ ತನ್ನಷ್ಟಕ್ಕೆ ಆಡುತ್ತದೆ. ಪ್ರತಿಯೊಂದರಲ್ಲೂ ಮುದ್ರೆಗಾಗಿ ಕಾಯುತ್ತಿದ್ದೆವು. ‘ಶ್ರೀವಿದ್ಯಾ’ ಬರುವ ಜಾಗದಲ್ಲಿ ನಾವು ಯಾರೂ ಹೇಳಿಕೊಳ್ಳದೆ ಕಮಾನನ್ನು ಕೂದಲೆಳೆಯಷ್ಟು ಹಗುರಮಾಡುತ್ತಿದ್ದೆವು. ಕೇಳುವವರಿಗೆ ಅದು ಗೊತ್ತಾಗುವ ಸಂಭವವಿಲ್ಲ. ಸಹಿ ಹಾಕಿದ ಜಾಗದ ಮೇಲೆ ಬೆರಳಾಡಿಸಿದ ಹಾಗೆ.

ನಿಯಮ ಒಂದೇ ಒಂದು: ಹಾರಿಸುವಂತಿಲ್ಲ. ಇದು ಎಷ್ಟು ಕಠಿಣವೆಂದು ಇಪ್ಪತ್ತನೆಯ ವಾರದ ಹೊತ್ತಿಗೆ ತಿಳಿಯಿತು. ಯಾವ ವಾಗ್ಗೇಯಕಾರನದೂ ಎಲ್ಲವೂ ಒಂದೇ ಎತ್ತರದಲ್ಲಿರುವುದಿಲ್ಲ. ಕೆಲವು ವಾರ ಕೈಗೆ ಬಂದದ್ದು ಹೊಸ ಊರಿನ ನೆಂಟರ ಮನೆಯ ಹಾಗೆ, ಮರ್ಯಾದೆ ಇದೆ, ಸಲುಗೆ ಇಲ್ಲ. ನಮ್ಮ ಪಟ್ಟಿಯಲ್ಲಿ ಅರವತ್ತೇಳನೆಯದೊಂದಿತ್ತು. ರಾಗದ ಹೆಸರು ಬೇಡ, ತಪ್ಪು ಅದರದ್ದಲ್ಲ. ಆರೋಹಣದಲ್ಲೊಂದು ವಕ್ರ, ಅವರೋಹಣದಲ್ಲೊಂದು ವಕ್ರ. ಕೈ ಒಂದು ಕಡೆ ಹೋದರೆ ಕಿವಿ ಇನ್ನೊಂದು ಕಡೆ. ಮೂರು ಭಾನುವಾರ ತಿಂದಿತು. ನಾಲ್ಕನೆಯ ಭಾನುವಾರ ಮೇಷ್ಟ್ರು ‘ಬಂತು’ ಎಂದರು, ಯಾರಿಗೂ ಬಂದಿರಲಿಲ್ಲ. ಆದರೆ ಅಂಥವುಗಳಲ್ಲೇ ನನಗೆ ಮಹಾರಾಜರ ಪರಿಚಯವಾದದ್ದು. ಗಂಭೀರನಾಟದಲ್ಲಿ ಅವರು ದರ್ಬಾರಿನ ಪೋಷಾಕಿನಲ್ಲಿರುತ್ತಾರೆ. ಅರವತ್ತೇಳರಲ್ಲಿ ಪೇಟ ತೆಗೆದಿಟ್ಟು, ಈ ಚರಣವನ್ನು ಹೇಗಪ್ಪಾ ದಡ ಮುಟ್ಟಿಸಲಿ ಎಂದು ತಲೆ ಕೆರೆದುಕೊಳ್ಳುತ್ತಿರುವ ಇಪ್ಪತ್ತಾರು, ಇಪ್ಪತ್ತೇಳರ ಹುಡುಗ ಕಾಣಿಸುತ್ತಾನೆ. ಗೆದ್ದ ಐದನ್ನಷ್ಟೇ ನುಡಿಸುತ್ತಿದ್ದರೆ ಅವನು ನನಗೆ ಸಿಗುತ್ತಲೇ ಇರಲಿಲ್ಲ. ಒಬ್ಬರದನ್ನು ಪೂರ್ತಿ ನುಡಿಸುವುದರ ಸುಖ ಕೇಳುಗನಿಗಿಂತ ವಾದಕನಿಗೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಇಡೀ ಗಂಟನ್ನು ಒಮ್ಮೆ ಬಿಚ್ಚುವುದೆಂದಾಗ ಲೆಕ್ಕದ ಪ್ರಶ್ನೆ ಬಂತು. ಒಂದಕ್ಕೆ ಆರು ನಿಮಿಷವೆಂದರೂ ಸುಮಾರು ಒಂಬತ್ತೂವರೆ ಗಂಟೆ. ಬಾರ್ಟೋಕನಿಗೆ ಎರಡು ಸಂಜೆ ಸಾಕು, ಮಹಾರಾಜರಿಗೆ ಸಾಲದು. ‘ನವರಾತ್ರಿ’ ಎಂದಳು ನನ್ನ ಹೆಂಡತಿ, ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ. ‘ದಿನಕ್ಕೆ ಹತ್ತು. ಒಂಬತ್ತು ದಿನಕ್ಕೆ ತೊಂಬತ್ತು. ವಿಜಯದಶಮಿಗೆ ನಾಲ್ಕು.’ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೂಡಿ ಕಳೆದವನು ನಾನು, ನನಗೆ ಹೊಳೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವ ನಾಲ್ಕನ್ನೇ ಕೊನೆಗೆ ಇಡೋಣ, ಆಸೆಗಾದರೂ ಜನ ಬರಲಿ ಎಂದುಕೊಂಡೆವು. ಐದನೆಯದಾದ ಅಠಾಣದ ಗಣಪತಿಯನ್ನು ಮಾತ್ರ ಕೊನೆಗೆ ತಳ್ಳುವಂತಿರಲಿಲ್ಲ. ವಿಘ್ನೇಶ್ವರನನ್ನು ಹತ್ತು ದಿನ ಕಾಯಿಸಿದರೆ ಏನೇನಾದೀತೋ. ಅಲ್ಲದೆ ಮಹಾರಾಜರು ಕಟ್ಟಿದ ಮೊದಲ ಕೃತಿಯೂ ಅದೇ.

2019ರ ಸೆಪ್ಟೆಂಬರ್ 29, ಭಾನುವಾರ, ಪಾಡ್ಯ. ಆ ತಿಂಗಳ ಕೊನೆಯ ಮಳೆ ಹೈದರಾಬಾದನ್ನು ತೊಯ್ದು ತೊಪ್ಪೆಮಾಡಿತ್ತು. ಟೆರೇಸಿನ ಮೇಲೆ ತಗಡಿನ ಮಾಡಿನ ಕೆಳಗೆ ಜಮಖಾನ, ಎರಡು ಕುರ್ಚಿ, ಮೂಲೆಯಲ್ಲಿ ಹೆಂಡತಿಯ ಬೊಂಬೆಗಳು. ಪಟ್ಟದ ರಾಜ ರಾಣಿಯ ಪಕ್ಕದಲ್ಲಿ ಹುಡುಗಿ ಯಾರೂ ನೋಡದಾಗ ಬಾರ್ಟೋಕನ ಪುಟ್ಟ ಚಿತ್ರ ಇಟ್ಟಿದ್ದಳು. ಕೇಳುಗರು ಇಪ್ಪತ್ತೆರಡು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆಯ ಪರಿಚಯದಿಂದ ನಾಲ್ಕು ಮಂದಿ ಬಂದಿದ್ದರು. ಅವರಲ್ಲೊಬ್ಬ ಹಿರಿಯರು, ರಾಯಚೂರಿನವರು, ಮೊದಲ ಹತ್ತು ಮುಗಿದ ಮೇಲೆ ಹತ್ತಿರ ಬಂದು, ‘ನಿಮಗ ಮಹಾರಾಜರು. ನಮಗ ನಿಜಾಮರು ಇದ್ದರು. ನಮಗ ಇವರು ಐವತ್ತಾರರಾಗ ಗವರ್ನರ್ ಆಗಿ ಬಂದವರು. ಗವರ್ನರ್ ಇಷ್ಟು ಬರದಿದ್ರು ಅಂತ ಗೊತ್ತಿರ್ಲಿಲ್ರೀ’ ಎಂದರು. ಹತ್ತೂ ದಿನ ಬಂದವರು ಅವರೊಬ್ಬರೇ.

ನಾವು ಯಾರೂ ಯೋಚಿಸದೆ ಹೋದದ್ದು ಬತುಕಮ್ಮನನ್ನು. ತೆಲಂಗಾಣದ ಹೆಣ್ಣುಮಕ್ಕಳ ಹೂವಿನ ಹಬ್ಬ ಮಹಾಲಯ ಅಮಾವಾಸ್ಯೆಗೇ ಶುರುವಾಗಿ ದುರ್ಗಾಷ್ಟಮಿಯವರೆಗೆ ನಡೆಯುತ್ತದೆ. ತಂಗೇಡು, ಗುನುಗು, ಚೆಂಡುಹೂಗಳನ್ನು ಗೋಪುರದಂತೆ ಜೋಡಿಸಿ ನಡುವೆ ಇಟ್ಟು, ಸುತ್ತ ಬಾಗಿ ಬಾಗಿ ಚಪ್ಪಾಳೆ ತಟ್ಟುತ್ತ ಹಾಡುತ್ತಾರೆ. ನಮ್ಮ ಬಿಲ್ಡಿಂಗಿನ ಕೆಳಗಿನ ರಸ್ತೆಯೇ ಅವರ ಅಂಗಳ. ಮೊದಲೆರಡು ದಿನ ಬರೀ ಕೊರಳು, ಚೆನ್ನಾಗಿತ್ತು. ಮೂರನೆಯ ದಿನ ಸ್ಪೀಕರು ಬಂತು. ಮೈಕಿಲ್ಲದ ಕಾಲದಲ್ಲಿ ಪಿಟೀಲಿನ ದನಿ ಸಭೆಯ ಕೊನೆಗೂ ಮುಟ್ಟಲೆಂದು ಚೌಡಯ್ಯನವರು ಏಳು ತಂತಿ ಕಟ್ಟಿದ್ದು ನೆನಪಾಗಿ, ಆ ಸಂಜೆ ನನ್ನ ನಾಲ್ಕು ತಂತಿಯನ್ನು ನೋಡಿ ಮರುಕವಾಯಿತು. ವಿಯೋಲಾದವನು ಸ್ಪೀಕರಿನವನನ್ನು ಬೇಡಿಕೊಳ್ಳಲು ಹೋಗಿ, ಅವನ ಜೊತೆ ಮೂರು ಸಿನಿಮಾ ಹಾಡಿನ ವಿಷಯ ಮಾತಾಡಿ, ಒಂದು ತಟ್ಟೆ ಸದ್ದಿ ಅನ್ನ ತಿಂದು ವಾಪಸು ಬಂದ. ಹುಡುಗಿ ಮಾತ್ರ ಕಟ್ಟೆಗೆ ಒರಗಿ ಕೆಳಗೆ ನೋಡುತ್ತ ನಿಂತಿದ್ದಳು. ಬಾರ್ಟೋಕನಾಗಿದ್ದರೆ ಚತುಷ್ಟಯವನ್ನು ಇಲ್ಲೇ ಬಿಟ್ಟು ಫೋನೋಗ್ರಾಫ್ ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದ ಎಂದಳು. ಅವನು ಹಂಗೇರಿಯ ಹಳ್ಳಿ ಹಳ್ಳಿ ಸುತ್ತಿ ಮೇಣದ ಉರುಳೆಗಳಲ್ಲಿ ಹಾಡು ತುಂಬಿಕೊಂಡು ಬಂದವನಲ್ಲವೆ. ನಾಲ್ಕನೆಯ ದಿನದಿಂದ ಅವಳ ತಾಳದ ಮೀಟಿನಲ್ಲಿ ಕೆಳಗಿನ ಚಪ್ಪಾಳೆಯ ಹೆಜ್ಜೆ ಸೇರಿಕೊಂಡಿತು. ಮೇಷ್ಟ್ರು ಕಂಡೂ ಕಾಣದಂತಿದ್ದರು.

ಐದನೆಯ ದಿನ ಕೇಳುಗರು ಒಂಬತ್ತು, ಆರನೆಯ ದಿನ ನಾಲ್ಕು. ಏಳನೆಯ ದಿನ, ಅಕ್ಟೋಬರ್ 5ರಂದು, ಆರ್‌ಟಿಸಿ ನೌಕರರ ಮುಷ್ಕರ ಶುರುವಾಗಿ ಬಸ್ಸುಗಳು ನಿಂತವು. ವಿಯೋಲಾದವನು ಮೆಟ್ರೋದಲ್ಲಿ ಹಬ್ಸಿಗುಡಕ್ಕೆ ಬಂದು, ಅಲ್ಲಿಂದ ಚೆಲ್ಲೊದ ಆಟೋದಲ್ಲಿ ಜಾಗ ಸಾಲದೆ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು ತಾನು ನಡೆದು ಬಂದ. ರಾಯಚೂರಿನ ಹಿರಿಯರು ಹೇಗೆ ಬಂದರೆಂದು ಅವರು ಹೇಳಲಿಲ್ಲ. ನಾಲ್ಕು ಜನ ನುಡಿಸುವವರು, ಮೂವರು ಕೇಳುವವರು, ಒಬ್ಬಾಕೆ ಕಾಫಿ. ಹವೆ ತೇವ, ಬಿರಡೆ ತಿರುಗಿಸಿ ತಿರುಗಿಸಿ ನನ್ನ ಹೆಬ್ಬೆರಳು ಊದಿತ್ತು. ರಾಳ ಉಜ್ಜಿದಷ್ಟೂ ಕಮಾನು ಒದ್ದೆ ಬೆಕ್ಕಿನ ಹಾಗೆ ಜಾರುತ್ತಿತ್ತು. ಆದರೆ ಅಂದು ನುಡಿಸಿದ ಹತ್ತರಷ್ಟು ಚೆನ್ನಾಗಿ ನಾವು ಮತ್ತೆಂದೂ ನುಡಿಸಿಲ್ಲ.

ಎಂಟನೆಯ ದಿನ ಸದ್ದುಲ ಬತುಕಮ್ಮ. ಕೆಳಗೆ ಜಾತ್ರೆ. ಏಳನೆಯ ಕೃತಿಯ ನಡುವೆ ಕರೆಂಟು ಹೋಯಿತು, ಸ್ಪೀಕರು ಸತ್ತಿತು, ಆ ಕತ್ತಲಲ್ಲಿ ನೂರಾರು ಅಂಗೈಗಳ ಸದ್ದು ಒಂದೇ ಆಗಿ ಮೇಲಕ್ಕೆ ಬಂತು. ನಾವು ನಿಲ್ಲಿಸಿದೆವು, ಕೇಳಿದೆವು. ಕರೆಂಟು ಬಂದ ಮೇಲೆ ಹಾಳೆ ಹುಡುಕಿ ಮುಂದುವರಿಸಿದೆವು.

ವಿಜಯದಶಮಿಗೆ ಮೂವತ್ತು ಜನ ಸೇರಿದರು. ಗಂಭೀರನಾಟಕ್ಕೆ ತಲೆದೂಗಿದರು, ಹಿಂದೋಳಕ್ಕೆ ಕಣ್ಣು ಮುಚ್ಚಿದರು. ‘ನಾಲ್ಕೇನಾ, ಇನ್ನೊಂದೆರಡು ನುಡಿಸಬಾರದಿತ್ತೆ’ ಎಂದು ಎರಡನೆಯ ಮಹಡಿಯವರು ಆಕ್ಷೇಪಿಸಿದರು. ಮೇಷ್ಟ್ರು ಅವರನ್ನು ದಿಟ್ಟಿಸಿ ನೋಡಿದರು, ಏನೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಪಟ್ಟಿಯಲ್ಲಿ ಹಾಕಿದ ಗೀಟುಗಳನ್ನು ಎಣಿಸಿದೆ. ಗುಮಾಸ್ತನ ಚಾಳಿ. ತೊಂಬತ್ತಮೂರು. ಮತ್ತೆ ಎಣಿಸಿದೆ. ಎಂಟನೆಯ ದಿನ ಒಂಬತ್ತೇ ಇದ್ದವು. ಕತ್ತಲಲ್ಲಿ ಹಾಳೆ ಒಂದು ಮಗುಚಿತ್ತು. ಯಾವುದೆಂದು ನೋಡಿದರೆ ನಾವು ಕಲಿತ ಕ್ರಮದ ಅರವತ್ತೇಳು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ ಎಂಬುದನ್ನು ನಾನು ಇಂದಿಗೂ ಕೇಳಿಲ್ಲ. ವಿಯೋಲಾದವನು ಪೆಟ್ಟಿಗೆಯ ಕೊಂಡಿ ಹಾಕುತ್ತ, ಮೆಡ್ಟ್ನರದೂ ಪೂರ್ತಿ ಆಗಲಿಲ್ಲ ಅಂದಿದ್ರಲ್ಲ ನೀವು ಎಂದ. ನಿಜ, ಎಲ್ಲವನ್ನೂ ಮುದ್ರಿಸುವ ಮೊದಲೇ 1951ರಲ್ಲಿ ಆತ ತೀರಿಕೊಂಡ. ‘ಆಯನ ಪೋಯಾರು, ಮನಂ ಉನ್ನಾಂ ಕದಾ’ ಎಂದರು ಮೇಷ್ಟ್ರು. ಆತ ಹೋದ, ನಾವಿದ್ದೇವಲ್ಲ.

ಬೊಂಬೆಗಳು ಪೆಟ್ಟಿಗೆ ಸೇರಿದ ಮೇಲಿನ ಭಾನುವಾರ ಬೆಳಿಗ್ಗೆ ನಾಲ್ವರೂ ಬಂದರು. ಬಸ್ಸು ಇನ್ನೂ ಇರಲಿಲ್ಲ. ಕೂರಲು ಜಮಖಾನ ಹಾಸಲಿಲ್ಲ, ಅದು ಒಗೆಯಲು ಹೋಗಿತ್ತು. ಮೇಷ್ಟ್ರೂ ನಾನೂ ಬರಿ ನೆಲದ ಮೇಲೆ ಕೂತೆವು. ಹುಡುಗಿ ತನ್ನ ಹಾಳೆ ಬಿಡಿಸಿದಳು, ಅದರಲ್ಲಿ ಸ್ವರಕ್ಕಿಂತ ಹಾವು ಹೆಚ್ಚಿದ್ದವು. ಕೆಳಗೆ ವಾಚ್‌ಮನ್ ಮೋಟಾರಿನ ಗುಂಡಿ ಒತ್ತಿದ. ಮೇಷ್ಟ್ರು ಬಿರಡೆಗೆ ಕೈ ಹಾಕಿ, ಒಂದು ಕ್ಷಣ ಕಿವಿಗೊಟ್ಟು, ಪಂಚಮದ ತಂತಿಯನ್ನು ಒಂದೆಳೆ ಇಳಿಸಿದರು. ನಾವೂ ಇಳಿಸಿದೆವು.